ಶಟರ್ ರಿಮೋಟ್ ಕಾರಿನಲ್ಲೇ ಇಟ್ಟರೆ ಅಪಾಯವೇ? ರೋಲಿಂಗ್ ಕೋಡ್ ರಿಮೋಟ್ ಹಾಕಿಸಿದರೆ ಸಾಕಾ?

ಸಾಕಾಗುವುದಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ರೋಲಿಂಗ್ ಕೋಡ್ ಅಂದರೆ ಒತ್ತಿದ ಪ್ರತಿಸಲ ಬೇರೆ ಸಂಖ್ಯೆ ಕಳಿಸುವ ರಿಮೋಟ್.

ಪೋರ್ಚಿನಲ್ಲಿ ಒಂದೇ ಕಾರಿಗೆ ಜಾಗ, ಇನ್ನೊಂದು ರಾತ್ರಿಯಿಡೀ ರಸ್ತೆಯಲ್ಲಿ ನಿಲ್ಲುತ್ತದೆ, ಅದರ ಸನ್ ವೈಸರ್‌ಗೇ ರಿಮೋಟ್ ಸಿಕ್ಕಿಸಿಡುತ್ತೇನೆ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಹೀಗೇ ಇತ್ತು. ನಾವಿರುವುದು ಕಲಬುರಗಿಯಲ್ಲಿ, ಸೇಡಂ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿ.

ಪೋರ್ಚಿಗೆ ಮೋಟಾರಿನ ರೋಲಿಂಗ್ ಶಟರ್ ಹಾಕಿಸಿದ್ದು ನಮ್ಮ ಮಾವ. ಗ್ರಿಲ್ ಗೇಟ್ ಸಾಕು ಅಂದರೆ ಕೇಳಲಿಲ್ಲ. ಅವರಿಗೆ ಕಾರಣ ಇತ್ತು. ಊರಿನ ಹೊಲದಲ್ಲಿ ತೊಗರಿ ರಾಶಿ ಮುಗಿದ ಮೇಲೆ ಒಂದಷ್ಟು ಚೀಲಗಳನ್ನು ಇಲ್ಲಿಗೇ ತಂದು ಪೋರ್ಚಿನ ಹಿಂಭಾಗದಲ್ಲಿ ಒಟ್ಟುತ್ತಾರೆ. ನೆಹರು ಗಂಜ್‌ನಲ್ಲಿ ದರ ಏರಿದಾಗ ಮಾರುವುದು. ಈ ಭಾಗದಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ, ತೊಗರಿ ಚೀಲವೇ ಉಳಿತಾಯ. ರಿಮೋಟ್ ಮೂರು ಇದ್ದವು. ಒಂದು ಕಾರಿನಲ್ಲಿ, ಒಂದು ಅಡುಗೆಮನೆ ಗೋಡೆಯ ಮೊಳೆಗೆ, ಇನ್ನೊಂದು ನನ್ನ ಮೈದುನನ ಹತ್ತಿರ. ಅವನಿಗೆ ಯಾದಗಿರಿಯಲ್ಲಿ ಕೆಲಸ. ಶನಿವಾರ ಎಷ್ಟು ಹೊತ್ತಿಗೆ ಬರುತ್ತಾನೋ ಹೇಳಕ್ಕಾಗಲ್ಲ. ಯಾರನ್ನೂ ಎಬ್ಬಿಸದೆ ಒಳಗೆ ಬರಲಿ ಅಂತ ಅತ್ತೆಯೇ ಕೊಟ್ಟಿದ್ದರು.

ಆ ವರ್ಷ ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನ ದಿನ ದೇವಸ್ಥಾನದ ಹತ್ತಿರ ಗಾಡಿ ನಿಲ್ಲಿಸುವುದು ಸಾಧ್ಯವೇ ಇರಲಿಲ್ಲ. ದೂರದ ಓಣಿಯೊಂದರಲ್ಲಿ ಕಾರು ಬಿಟ್ಟು ನಡೆದು ಹೋದೆವು. ತೇರಿಗೆ ಉತ್ತತ್ತಿ ಎಸೆದು, ಮಕ್ಕಳಿಗೆ ಬೆಂಡು ಬತ್ತಾಸು ಕೊಡಿಸಿ ವಾಪಸ್ ಬಂದರೆ ಎಡಗಡೆಯ ಮುಂದಿನ ಗಾಜು ಪುಡಿಯಾಗಿ ಸೀಟಿನ ತುಂಬಾ ಬಿದ್ದಿತ್ತು. ಸೀಟಿನ ಕೆಳಗಿಟ್ಟಿದ್ದ ನನ್ನ ಬ್ಯಾಗ್ ಇಲ್ಲ. ಚಾರ್ಜರ್ ಇಲ್ಲ. ಡ್ಯಾಶ್‌ಬೋರ್ಡ್ ಬಾಯಿ ತೆರೆದಿತ್ತು, ಅದರೊಳಗಿನ ಕಾಗದದ ಕವರ್ ಇಲ್ಲ. ವೈಸರ್ ಮೇಲೆ ಬರೀ ಕ್ಲಿಪ್ಪಿನ ಗುರುತು ಉಳಿದಿತ್ತು.

ಆಗ ನನಗೆ ಬ್ಯಾಗಿನದೇ ಚಿಂತೆ. ಅದರಲ್ಲಿ ಎಟಿಎಂ ಕಾರ್ಡ್ ಇತ್ತು, ತಕ್ಷಣ ಬ್ಲಾಕ್ ಮಾಡಿಸಿದೆ. ಸ್ಟೇಷನ್ನಿನಲ್ಲಿ ದೂರು ಬರೆಯುವಾಗ ಬ್ಯಾಗ್, ದುಡ್ಡು, ಗಾಜು ಅಂತ ಬರೆಸಿದೆವು. ರಿಮೋಟ್ ಅಂತ ಬರೆಸಲಿಲ್ಲ. ಅದು ಬರೆಸುವಂಥ ವಸ್ತು ಅಂತ ಯಾರಿಗೂ ಅನ್ನಿಸಲಿಲ್ಲ. ಆ ಕವರಿನಲ್ಲಿ ಇದ್ದದ್ದು ಆರ್‌ಸಿಯ ಝೆರಾಕ್ಸ್ ಮತ್ತು ಇನ್ಶೂರೆನ್ಸ್ ಕಾಗದ. ಎರಡರಲ್ಲೂ ನಮ್ಮ ಮನೆ ನಂಬರ್, ಬಡಾವಣೆ, ಪಿನ್‌ಕೋಡ್ ಸಮೇತ ವಿಳಾಸ. ಮನೆ ತೆರೆಯುವ ವಸ್ತುವನ್ನೂ ಮನೆಯ ವಿಳಾಸವನ್ನೂ ಒಂದೇ ಕಡೆ ಜೋಡಿಸಿಟ್ಟಿದ್ದೆವು.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ವಿಷಯ ಗೊತ್ತಿಲ್ಲದವರು ತುಂಬಾ ಜನ ಇದ್ದಾರೆ. ರಿಮೋಟ್ ಕಳೆದದ್ದು ತಪ್ಪಲ್ಲ. ಅದು ಯಾರಿಗೂ ಆಗಬಹುದು. ತಪ್ಪಾಗಿದ್ದು ಅದರ ಮಾರನೆಯ ದಿನ.

ಶಟರ್ ಮೆಕ್ಯಾನಿಕ್‌ನನ್ನು ಕರೆಸಿದೆವು. ಮನೆಯಲ್ಲಿದ್ದವಳು ನಾನೇ. ಆ ಹುಡುಗ ಏಣಿ ಹಾಕಿ ಶಟರ್ ಸುತ್ತಿಕೊಳ್ಳುವ ಡ್ರಮ್ಮಿನ ಪಕ್ಕದ ಪ್ಲಾಸ್ಟಿಕ್ ಡಬ್ಬಿ ಬಿಚ್ಚಿದ. ಒಳಗೆ ಅಂಗೈಯಗಲದ ಹಸಿರು ಬೋರ್ಡ್. ಅದೇ ರಿಸೀವರ್. ಅದರ ಮೇಲೆ ಒಂದು ಪುಟ್ಟ ಬಟನ್, ಪಕ್ಕದಲ್ಲಿ ಒಂದು ಕೆಂಪು ದೀಪ. ಬಟನ್ ಒಮ್ಮೆ ಒತ್ತಿದರೆ ದೀಪ ಹತ್ತುತ್ತದೆ. ಆಗ ಹೊಸ ರಿಮೋಟ್ ಒತ್ತಿದರೆ ಅದರ ಸಂಖ್ಯೆ ಬೋರ್ಡಿನ ನೆನಪಿನಲ್ಲಿ ಸೇರುತ್ತದೆ. ಅಷ್ಟೇ, ಒಂದು ನಿಮಿಷದ ಕೆಲಸ. ಅದೇ ಬಟನ್ನನ್ನು ಬಿಡದೆ ಒತ್ತಿ ಹಿಡಿದರೆ ದೀಪ ಮಿನುಗಿ ಆರುತ್ತದೆ. ಆಗ ನೆನಪಿನಲ್ಲಿದ್ದ ಎಲ್ಲ ರಿಮೋಟ್‌ಗಳೂ ಅಳಿಸಿ ಹೋಗುತ್ತವೆ. ಆಮೇಲೆ ನಮ್ಮ ಹತ್ತಿರ ಇರುವ ಒಂದೊಂದನ್ನೇ ಮತ್ತೆ ಸೇರಿಸಬೇಕು.

ಆ ಹುಡುಗ ಕೇಳಿದ್ದ. ಅದನ್ನು ನಾನು ಮುಚ್ಚಿಡುವುದಿಲ್ಲ. "ಅಕ್ಕಾರೆ, ಹಳೇವು ಎಲ್ಲಾ ಅಳಸಬೇಕಾದ್ರ ಮನ್ಯಾಗಿನ ರಿಮೋಟ್ ಎಲ್ಲಾ ಬೇಕ್ರಿ. ಇಲ್ಲಾಂದ್ರ ಹಂಗೇ ಹೊಸಾದು ಸೇರಸ್ತೀನಿ" ಅಂದ. ಮೈದುನನ ರಿಮೋಟ್ ಯಾದಗಿರಿಯಲ್ಲಿತ್ತು. ಅಳಿಸಿಬಿಟ್ಟರೆ ಶನಿವಾರ ಅವನು ಬಂದು ಹೊರಗೆ ನಿಲ್ಲಬೇಕು, ಇವನನ್ನು ಮತ್ತೆ ಕರೆಸಬೇಕು. "ಬ್ಯಾಡಪ್ಪ, ಹೊಸಾದು ಒಂದು ಸೇರಿಸು ಸಾಕು" ಅಂದೆ.

ನನ್ನ ತಲೆಯಲ್ಲಿ ಇದ್ದದ್ದು ಸಿಮ್ ಕಾರ್ಡಿನ ಲೆಕ್ಕ. ಮೊಬೈಲ್ ಕಳೆದರೆ ಡ್ಯೂಪ್ಲಿಕೇಟ್ ಸಿಮ್ ತೆಗೆದುಕೊಳ್ಳುತ್ತೇವೆ, ಹೊಸದು ಚಾಲೂ ಆದ ಕೂಡಲೇ ಹಳೆಯದು ಸತ್ತುಹೋಗುತ್ತದೆ. ರಿಮೋಟ್ ಹಾಗಲ್ಲ. ಹೊಸದನ್ನು ಸೇರಿಸಿದರೆ ಹಳೆಯದಕ್ಕೆ ಏನೂ ಆಗುವುದಿಲ್ಲ. ಬೋರ್ಡಿನ ನೆನಪಿನಲ್ಲಿ ಮೂರಿದ್ದದ್ದು ನಾಲ್ಕಾಗುತ್ತದೆ, ಅಷ್ಟೇ. ಕಳುವಾದ ರಿಮೋಟ್ ಮೊದಲಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿರುತ್ತದೆ. ಹೊಸ ರಿಮೋಟಿಗೆ ದುಡ್ಡು ಕೊಟ್ಟು, ಸಮಸ್ಯೆ ಮುಗಿಯಿತು ಅಂತ ನಾನು ಅಡುಗೆಮನೆಗೆ ಹೋದೆ. ಎಟಿಎಂ ಕಾರ್ಡ್ ಬ್ಲಾಕ್ ಮಾಡಿಸಬೇಕು ಅಂತ ಹೊಳೆದವಳಿಗೆ ಮನೆಯ ಶಟರ್ ಬ್ಲಾಕ್ ಮಾಡಿಸಬೇಕು ಅಂತ ಹೊಳೆಯಲಿಲ್ಲ.

ಮೆಕ್ಯಾನಿಕ್ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಳೆದದ್ದು ಎಲ್ಲಿ, ಹೇಗೆ ಅಂತ ಅವನೂ ಕೇಳಲಿಲ್ಲ, ಕಾರಿನ ಗಾಜು ಒಡೆದು ಒಯ್ದಿದ್ದಾರೆ ಅಂತ ನಾನೂ ಹೇಳಲಿಲ್ಲ. ಹೇಳಿದ್ದರೆ ಅವನೇ ಅಳಿಸುತ್ತಿದ್ದನೋ ಏನೋ.

ಯುಗಾದಿಗೆ ಎಲ್ಲರೂ ಊರಿಗೆ ಹೋದೆವು. ಮೈದುನನಿಗೆ ರಜೆ ಸಿಕ್ಕಿರಲಿಲ್ಲ, ಹಬ್ಬದ ದಿನ ಬೆಳಿಗ್ಗೆ ನೇರ ಊರಿಗೇ ಬರುತ್ತೇನೆ ಅಂದಿದ್ದ. ಹಬ್ಬ ಮುಗಿಸಿ ಬಂದು ರಿಮೋಟ್ ಒತ್ತಿದೆವು. ಶಟರ್ ಎಂದಿನಂತೆ ಎದ್ದಿತು. ಒಳಗೆ ತೊಗರಿ ಒಟ್ಟಿದ್ದ ಜಾಗ ಖಾಲಿ. ಶಹಾಬಾದ್ ಕಲ್ಲಿನ ನೆಲದ ಮೇಲೆ ಚೀಲ ಎಳೆದ ಗೆರೆ, ಗೆರೆಯುದ್ದಕ್ಕೂ ಉದುರಿದ ಕಾಳು, ಅದು ಶಟರ್ ಮುಟ್ಟುವ ಜಾಗಕ್ಕೆ ಬಂದು ನಿಂತಿತ್ತು. 15 ಚೀಲ ಮತ್ತು ನಮ್ಮ ಮನೆಯವರ ಬೈಕ್ ಹೋಗಿದ್ದವು.

ಮನೆಯೊಳಗೆ ಮಾತ್ರ ಏನೂ ಹೋಗಿರಲಿಲ್ಲ. ಅದಕ್ಕೆ ಕಾರಣ ಅತ್ತೆ. ಪೋರ್ಚಿನಿಂದ ಒಳಗೆ ಬರುವ ಬಾಗಿಲಿಗೆ ಅವರು ಯಾವತ್ತೂ ಬೀಗ ಹಾಕದೆ ಹೊರಡುವವರಲ್ಲ. ಶಟರ್ ಇದೆಯಲ್ಲ, ಮತ್ತೆ ಇದಕ್ಕೊಂದು ಬೀಗ ಯಾಕೆ ಅಂತ ನಾನೇ ಎಷ್ಟೋ ಸಲ ಅಂದಿದ್ದೇನೆ. "ಇರಲಿ ಬಿಡವ್ವ, ಕೀಲಿ ಹಾಕಿದ್ರ ನನಗ ಸಮಾಧಾನ" ಅನ್ನುತ್ತಿದ್ದರು. ಒಳಗಿನ ತಿಜೋರಿಯಲ್ಲಿ ಅವರ ಬಂಗಾರ, ನನ್ನ ಬಂಗಾರ, ಹೊಲದ ಕಾಗದ ಎಲ್ಲ ಇತ್ತು.

ಎದುರುಮನೆಯ ಕಾಕಾ ರಾತ್ರಿ ಸದ್ದು ಕೇಳಿ ಎದ್ದು ನೋಡಿದ್ದರು. ನೋಡಿಯೂ ಸುಮ್ಮನೆ ಮಲಗಿದ್ದರು. ಅವರ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ಶಟರ್ ತಾನೇ ಎದ್ದಿತು ನೋಡವ್ವ. ಯಾರರೇ ಮುರೀಲಿಕತ್ತಿದ್ರ ಒದರತಿದ್ದೆ. ನಿನ್ನ ಮೈದುನ ಬಂದಾನ ಅನಕೊಂಡೆ." ಅವರ ಮನೆ ಕ್ಯಾಮೆರಾದಲ್ಲಿ ಎಲ್ಲ ಸಿಕ್ಕಿತು. ಸಣ್ಣ ಗೂಡ್ಸ್ ಗಾಡಿ ಬಂದು ನಿಲ್ಲುತ್ತದೆ. ಟೊಪ್ಪಿಗೆ ಹಾಕಿದವನೊಬ್ಬ ಇಳಿದು ಜೇಬಿನಿಂದ ಕೈ ತೆಗೆಯುತ್ತಾನೆ. ಶಟರ್ ಏಳುತ್ತದೆ. ಗಾಡಿ ಹಿಮ್ಮುಖವಾಗಿ ಒಳಗೆ ಹೋಗುತ್ತದೆ, ಶಟರ್ ಇಳಿಯುತ್ತದೆ. ಒಳಗೆ ಆರಾಮಾಗಿ ತುಂಬಿಕೊಂಡು ಹೊರಗೆ ಬಂದು ಶಟರ್ ಮತ್ತೆ ಹಾಕಿಯೇ ಹೋಗಿದ್ದಾರೆ. ಮುಖ ಕಾಣುವುದಿಲ್ಲ, ಗಾಡಿಯ ನಂಬರ್ ಕಾಣುವುದಿಲ್ಲ. ಮಾಲು ಇವತ್ತಿಗೂ ಸಿಕ್ಕಿಲ್ಲ.

ತೊಗರಿ ಹೋದದ್ದಕ್ಕಿಂತ ಆಮೇಲೆ ಆದದ್ದು ಜಾಸ್ತಿ ನೋವು. ಬೀಗ ಒಡೆದಿಲ್ಲ, ಶಟರ್ ಬಗ್ಗಿಲ್ಲ. ಪೊಲೀಸರ ಮೊದಲ ಪ್ರಶ್ನೆ, ರಿಮೋಟ್ ಯಾರ್ಯಾರ ಹತ್ತಿರ ಇದೆ? ಅವರು ಕೇಳಿದ್ದರಲ್ಲಿ ತಪ್ಪಿಲ್ಲ, ಯಾರಾದರೂ ಕೇಳುವ ಪ್ರಶ್ನೆಯೇ. ಹಬ್ಬದ ಹಿಂದಿನ ರಾತ್ರಿ ಊರಲ್ಲಿ ಇಲ್ಲದವನು ಮೈದುನ ಒಬ್ಬನೇ. ಅವನನ್ನು ಯಾದಗಿರಿಯಿಂದ ಕರೆಸಿದರು. ಆ ರಾತ್ರಿ ಎಲ್ಲಿದ್ದೆ, ಸಾಲ ಇದೆಯಾ, ಗೆಳೆಯರು ಯಾರು ಅಂತೆಲ್ಲ ಕೇಳಿದರು. ಮನೆಗೆ ಬಂದವನೇ ಜೇಬಿನಿಂದ ರಿಮೋಟ್ ತೆಗೆದು ನನ್ನ ಮುಂದೆ ಇಟ್ಟ. "ವೈನಿ, ನಂದು ನನ್ನ ಬಲ್ಲೇ ಅದರಿ, ನೋಡ್ರಿ" ಅಂದ. ಅಷ್ಟೇ ಅಂದದ್ದು. ಅವನಿಗೆ ತೊಂದರೆ ಆಗಬಾರದು ಅಂತ ನಾನು ಉಳಿಸಿದ ಆ ಒಂದು ನಿಮಿಷದ ಕೆಲಸವೇ ಅವನನ್ನು ಸ್ಟೇಷನ್ನಿನಲ್ಲಿ ಕೂರಿಸಿತ್ತು. ಮನೆಗೆಲಸಕ್ಕೆ ಬರುತ್ತಿದ್ದ ಅಕ್ಕನನ್ನೂ ಕೇಳಿದರು. ಆಕೆ ಮತ್ತೆ ನಮ್ಮ ಮನೆಗೆ ಬರಲಿಲ್ಲ. ನಾನೇ ಹೋಗಿ ಕರೆದೆ, ಬರಲಿಲ್ಲ.

ಇನ್ನು ಇನ್ಶೂರೆನ್ಸ್. ಮನೆ ಸಾಲದ ಜೊತೆ ಮಾಡಿಸಿದ್ದ ಪಾಲಿಸಿಯಲ್ಲಿ ಕಳವಿಗೂ ರಕ್ಷಣೆ ಇತ್ತು. ಸರ್ವೇಯರ್ ಬಂದು ಒಡೆದ ಬೀಗದ ಫೋಟೊ ಕೇಳಿದರು. ಒಡೆದಿದ್ದರೆ ತಾನೇ? ಬಲವಂತದಿಂದ ಒಳಗೆ ನುಗ್ಗಿದ ಅಥವಾ ಹೊರಗೆ ಹೋದ ಗುರುತು ಇದ್ದರೆ ಮಾತ್ರ ಅದು ಕಳವು ಅಂತ ಷರತ್ತು. ಕಳ್ಳತನದ ಪಾಲಿಸಿಗಳಲ್ಲಿ ಈ ಷರತ್ತು ಸಾಮಾನ್ಯ, ನಿಮ್ಮದನ್ನೂ ತೆಗೆದು ಓದಿ. ರಿಮೋಟ್ ಕಳುವಾಗಿತ್ತು ಅಂತ ಹೇಳಿದೆವು. ಮೊದಲಿನ ದೂರಿನಲ್ಲಿ ರಿಮೋಟ್ ಅನ್ನುವ ಪದವೇ ಇಲ್ಲವಲ್ಲ. ಒಂದು ರೂಪಾಯಿ ಬರಲಿಲ್ಲ.

ಈಗ ನಿಮ್ಮ ರೋಲಿಂಗ್ ಕೋಡ್ ವಿಚಾರ. ನೀವು ಕೇಳಿದ್ದು ರಿಮೋಟಿನ ತಂತ್ರಜ್ಞಾನದ ಬಗ್ಗೆ. ಪ್ರಶ್ನೆಯೇ ಬೇರೆ ಕಡೆ ನೋಡುತ್ತಿದೆ ಅಂತ ನನ್ನ ಅಭಿಪ್ರಾಯ. ಹಳೆಯ ಫಿಕ್ಸೆಡ್ ಕೋಡ್ ರಿಮೋಟ್ ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆಯನ್ನು ಗಾಳಿಗೆ ಬಿಡುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ. ಅದನ್ನು ನಕಲು ಮಾಡುವ ರಿಮೋಟ್‌ಗಳು ಕೆಲವೇ ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುತ್ತವೆ. ಹಳೆಯ 12 ಬಿಟ್ ರಿಮೋಟ್‌ಗಳಲ್ಲಂತೂ ಒಟ್ಟು ಸಾಧ್ಯವಿರುವುದೇ 4,096 ಸಂಖ್ಯೆ. 2015ರಲ್ಲಿ ಅಮೆರಿಕದ ಭದ್ರತಾ ಸಂಶೋಧಕ ಸ್ಯಾಮಿ ಕಾಮ್ಕಾರ್ ಮಕ್ಕಳ ಆಟಿಕೆಯೊಂದನ್ನು ಮಾರ್ಪಡಿಸಿ ಇಂಥ ಗ್ಯಾರೇಜ್ ಬಾಗಿಲುಗಳನ್ನು ಸೆಕೆಂಡುಗಳಲ್ಲಿ ತೆರೆದು ತೋರಿಸಿದರು. ರೋಲಿಂಗ್ ಕೋಡ್‌ನಲ್ಲಿ ಪ್ರತಿಸಲ ಸಂಖ್ಯೆ ಬದಲಾಗುತ್ತದೆ, ರಿಮೋಟ್ ಮತ್ತು ರಿಸೀವರ್ ಎರಡೂ ಲೆಕ್ಕ ಇಟ್ಟುಕೊಂಡಿರುತ್ತವೆ. ಯಾರೋ ಹಿಡಿದಿಟ್ಟುಕೊಂಡ ಹಳೆಯ ಸಂಖ್ಯೆ ಸಾಮಾನ್ಯವಾಗಿ ನಡೆಯುವುದಿಲ್ಲ. ಅದನ್ನೂ ಮೀರುವ ದಾರಿ ಇದೆ ಅಂತ ಅದೇ ವರ್ಷ ಕಾಮ್ಕಾರ್ ಅವರೇ ತೋರಿಸಿದರು, ಆ ಮಾತು ಬೇರೆ. ಹೊಸದಾಗಿ ಹಾಕಿಸುವವರು ರೋಲಿಂಗ್ ಕೋಡ್ ಇರುವುದನ್ನೇ ಹಾಕಿಸಿ, ಬೇಡ ಅನ್ನುವುದಿಲ್ಲ.

ಆದರೆ ಅದು ತಡೆಯುವುದು ನಕಲನ್ನು. ಕಾರಿನ ಗಾಜು ಒಡೆದವನ ಕೈಗೆ ಸಿಗುವುದು ಅಸಲು. ಅವನಿಗೆ ಆ್ಯಂಟೆನಾ ಬೇಡ, ಲ್ಯಾಪ್‌ಟಾಪ್ ಬೇಡ, ಒಂದು ಕಲ್ಲು ಸಾಕು. ರೋಲಿಂಗ್ ಕೋಡ್ ರಿಮೋಟ್ ಕದ್ದವನು ಒತ್ತಿದರೂ ಅದು ನಿಷ್ಠೆಯಿಂದ ಹೊಸ ಸಂಖ್ಯೆಯನ್ನೇ ಕಳಿಸುತ್ತದೆ, ರಿಸೀವರ್ ನಿಷ್ಠೆಯಿಂದ ತೆರೆಯುತ್ತದೆ. ಅದು ಇದೆ ಅನ್ನುವ ಧೈರ್ಯದಲ್ಲಿ ವೈಸರ್ ಮೇಲೇ ರಿಮೋಟ್ ಬಿಡುವವರಿದ್ದಾರೆ, ನೀವೂ ಅದನ್ನೇ ಯೋಚಿಸುತ್ತಿದ್ದೀರಿ. ಅದಕ್ಕೇ ಇಷ್ಟು ಖಡಾಖಂಡಿತವಾಗಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಗ್ಯಾರೇಜ್ ಮನೆಗೇ ಅಂಟಿಕೊಂಡಿರುವುದು ಹೆಚ್ಚು, ಒಳಬಾಗಿಲಿಗೆ ಬೀಗ ಹಾಕದವರೂ ಬೇಕಾದಷ್ಟು. ಮನೆಮುಂದೆ ನಿಂತ ಕಾರಿನಿಂದ ರಿಮೋಟ್ ಎತ್ತಿಕೊಂಡು ನೇರ ಮನೆಯೊಳಗೆ ಹೋಗುತ್ತಾರೆ ಅಂತ ಅಲ್ಲಿನ ಪೊಲೀಸರು ಎಚ್ಚರಿಸುತ್ತಲೇ ಇರುತ್ತಾರೆ. ನಿಮ್ಮ ಕಾರು ರಾತ್ರಿ ನಿಲ್ಲುವುದು ನಿಮ್ಮದೇ ಶಟರ್ ಮುಂದೆ. ನಮ್ಮ ಕಳ್ಳನಿಗೆ ಆರ್‌ಸಿ ಓದಿ ಮನೆ ಹುಡುಕುವ ಕೆಲಸವಾದರೂ ಇತ್ತು. ನಿಮ್ಮಲ್ಲಿ ಅದೂ ಇಲ್ಲ.

ನಾವು ಈಗ ಏನು ಮಾಡುತ್ತೇವೆ ಅಂದರೆ, ಕಾರಿನಲ್ಲಿ ರಿಮೋಟ್ ಇಲ್ಲವೇ ಇಲ್ಲ. ಮನೆ ಕೀಲಿಯ ಗೊಂಚಲಿನಲ್ಲಿ ಇರುತ್ತದೆ, ಗಾಡಿಯ ಕೀಲಿ ಬೇರೆ. ಇದು ಮುಖ್ಯ. ಸ್ಕೂಟಿ ಕೀಲಿಗೇ ಶಟರ್ ರಿಮೋಟ್ ಜೋತುಹಾಕಿಕೊಂಡು ಗಾಡಿಯಲ್ಲೇ ಕೀಲಿ ಬಿಟ್ಟು ಚಹಾ ಕುಡಿಯುವವರನ್ನು ಸೂಪರ್ ಮಾರ್ಕೆಟ್ ಕಡೆ ದಿನಾ ನೋಡುತ್ತೇನೆ. ಸರ್ವಿಸಿಂಗಿಗೆ ಬಿಡುವಾಗಲೂ ಅದೇ ಗೊಂಚಲು ಕೊಟ್ಟು ಬರುತ್ತಾರೆ. ಗಾಡಿ ಕೊಟ್ಟರೆ ಮನೆ ಕೊಟ್ಟ ಹಾಗೆ ಆಗಬಾರದು, ಅಲ್ವಾ? ಕಾರಿನಲ್ಲಿ ಕಾಗದವನ್ನೂ ಇಡುವುದಿಲ್ಲ. ಮೊಬೈಲಿನ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ತೋರಿಸಿದರೆ ನಡೆಯುತ್ತದೆ, 2018ರಿಂದಲೇ ಅದಕ್ಕೆ ಮಾನ್ಯತೆ ಇದೆ. ಸರ್ವಿಸ್ ಬಿಲ್, ಕೊರಿಯರ್ ಕವರ್, ವಿಳಾಸ ಇರುವ ಯಾವುದನ್ನೂ ಡ್ಯಾಶ್‌ಬೋರ್ಡಿನಲ್ಲಿ ಬಿಡುವುದಿಲ್ಲ.

ಶಟರ್ ಮೋಟಾರಿಗೆ ಮನೆಯೊಳಗೆ ಬೇರೆ ಎಂಸಿಬಿ, ಅಂದರೆ ಕರೆಂಟ್ ಕಡಿಯುವ ಸ್ವಿಚ್, ಹಾಕಿಸಿದ್ದೇವೆ. ಮಲಗುವಾಗ ಆಫ್, ಊರಿಗೆ ಹೋಗುವಾಗ ಆಫ್. ಕರೆಂಟೇ ಇಲ್ಲದಿದ್ದರೆ ಯಾವ ರಿಮೋಟ್ ಒತ್ತಿದರೂ ಶಟರ್ ಅಲುಗುವುದಿಲ್ಲ. ನಿಮ್ಮದಕ್ಕೆ ಬ್ಯಾಟರಿ ಬ್ಯಾಕಪ್ ಇದ್ದರೆ ಅದನ್ನೂ ಆಫ್ ಮಾಡಬೇಕು, ಇಲ್ಲದಿದ್ದರೆ ಎಂಸಿಬಿ ಇಳಿಸಿ ಪ್ರಯೋಜನವಿಲ್ಲ. ಊರಿಗೆ ಹೋಗುವಾಗ ಶಟರ್ ಕೆಳಗೆ ಬೀಗವನ್ನೂ ಜಡಿಯುತ್ತೇವೆ. ಮೊದಲು ಕರೆಂಟ್ ಆಫ್ ಮಾಡಿ, ಆಮೇಲೆ ಬೀಗ ಹಾಕಿ. ಬೀಗ ಬಿದ್ದಿರುವಾಗ ಯಾರಾದರೂ ರಿಮೋಟ್ ಒತ್ತಿದರೆ ಮೋಟಾರ್ ಜಗ್ಗಿ ಪಟ್ಟಿಗಳು ಬಾಗುತ್ತವೆ, ಮೋಟಾರೂ ಸುಡಬಹುದು. ಕರೆಂಟ್ ಹೋದಾಗ ಕೈಯಿಂದ ಎತ್ತುವ ಚೈನ್ ಒಳಗಡೆಯೇ ಇರಲಿ, ಹೊರಗಿನಿಂದ ಕೈಗೆ ಎಟುಕಬಾರದು. ಒಳಬಾಗಿಲಿಗೆ ಅತ್ತೆಯ ಬೀಗ ಈಗಲೂ ಇದೆ. ಈಗ ಬೀಗ ಹಾಕುವವಳು ನಾನು.

ಮೊಬೈಲ್ ಆ್ಯಪಿನಿಂದ ತೆರೆಯುವ ಶಟರ್ ಬಗ್ಗೆಯೂ ಕೇಳಿದ್ದೀರಿ. ನಾವು ಹಾಕಿಸಿಲ್ಲ. ಮೊಬೈಲಿಗೆ ಲಾಕ್ ಇರುತ್ತದೆ, ರಿಮೋಟಿಗೆ ಇರುವುದಿಲ್ಲ, ಅದೊಂದು ಅನುಕೂಲ ನಿಜ. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ.

ರಿಮೋಟ್ ಕಳೆದರೆ ಅಥವಾ ಕಳುವಾದರೆ ಅವತ್ತೇ ರಿಸೀವರಿನ ನೆನಪು ಪೂರ್ತಿ ಅಳಿಸಿ. ದೂರದಲ್ಲಿರುವವರ ರಿಮೋಟ್ ಅವರು ಬಂದಾಗ ಸೇರಿಸಿಕೊಂಡರಾಯಿತು, ಅಲ್ಲಿಯವರೆಗೆ ಫೋನ್ ಮಾಡಿ ಬಾಗಿಲು ತೆಗೆಸಿಕೊಳ್ಳಲಿ. ಕೆಲವು ಬೋರ್ಡ್‌ಗಳಲ್ಲಿ ಒಂದೇ ರಿಮೋಟನ್ನು ಆರಿಸಿ ಅಳಿಸಲಿಕ್ಕೂ ಬರುತ್ತದೆ, ಮೆಕ್ಯಾನಿಕ್‌ನನ್ನು ಕೇಳಿ. ಪೂರ್ತಿ ಅಳಿಸಿದ ಮೇಲೆ, ಮತ್ತೆ ಸೇರಿಸುವ ಮೊದಲು, ಮನೆಯಲ್ಲಿರುವ ಒಂದು ರಿಮೋಟ್ ಒತ್ತಿ ನೋಡಿ. ಶಟರ್ ಏಳಬಾರದು. ಎದ್ದರೆ ಅಳಿಸಿಲ್ಲ ಅಂತಲೇ ಅರ್ಥ. ದೂರಿನಲ್ಲಿ 'ಮನೆಯ ಶಟರ್ ರಿಮೋಟ್' ಅಂತ ಬರೆಸಿ, ಒಂದು ಪ್ರತಿ ಇಟ್ಟುಕೊಳ್ಳಿ.

ಈ ಮನೆಯನ್ನು ಎರಡು ವರ್ಷದ ಹಿಂದೆ ಬೇರೆಯವರಿಂದ ಕೊಂಡದ್ದು, ಶಟರ್ ಅವರೇ ಹಾಕಿಸಿದ್ದು ಅಂತ ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲು ಇದೆ. ನೀವು ಅದನ್ನು ಹಾಗೇ ದಾಟಿಕೊಂಡು ಹೋಗಿದ್ದೀರಿ, ನನ್ನ ಕಣ್ಣು ಅಲ್ಲೇ ನಿಂತಿತು. ಅವರು ನಿಮಗೆ ಎರಡು ರಿಮೋಟ್ ಕೊಟ್ಟರು ಸರಿ, ಮಾಡಿಸಿದ್ದು ಎಷ್ಟು? ಅವರ ಡ್ರೈವರ್, ಬಾಡಿಗೆಗೆ ಇದ್ದವರು, ಅವರು ಮಾರಿದ ಹಳೆಯ ಕಾರಿನ ಡ್ಯಾಶ್‌ಬೋರ್ಡ್, ಯಾರ ಹತ್ತಿರ ಇನ್ನೊಂದು ಇದೆಯೋ ಅವರಿಗೂ ನೆನಪಿರಲಿಕ್ಕಿಲ್ಲ. ಕೊಂಡ ಮೇಲೆ ನೀವು ರಿಸೀವರ್ ಒಮ್ಮೆಯೂ ಅಳಿಸಿಲ್ಲ ಅಂದರೆ ಅವೆಲ್ಲ ಈಗಲೂ ನಿಮ್ಮ ಶಟರ್ ತೆರೆಯುತ್ತವೆ. ಹೊಸ ರಿಮೋಟಿನ ರೇಟ್ ವಿಚಾರಿಸುವ ಮೊದಲು ಮೆಕ್ಯಾನಿಕ್‌ಗೆ ಫೋನ್ ಮಾಡಿ ಅದನ್ನು ಅಳಿಸಿ ಕೊಡು ಅನ್ನಿ. ಅವನು ಬರುವವರೆಗೆ ರಾತ್ರಿ ಕಾರಿನಿಂದ ರಿಮೋಟ್ ಒಳಗೆ ತನ್ನಿ, ಮೋಟಾರಿನ ಸ್ವಿಚ್ ಆಫ್ ಮಾಡಿ ಮಲಗಿ.